ನೀತಿಸಂಹಿತೆಯೋ, ದಂಡದ ದರಪಟ್ಟಿಯೋ?

ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ನೀತಿಸಂಹಿತೆಯನ್ನು ಪರಿಷ್ಕರಿಸಲು ಹೊರಟಾಗಲೆಲ್ಲ ಮೊದಲು ಉದ್ದವಾಗುವುದು ತಪ್ಪುಗಳ ಪಟ್ಟಿ, ಅದರ ಬೆನ್ನಿಗೇ ದಂಡದ ಮೊತ್ತ. ಆರೋಪ ಹೊತ್ತ ವಿದ್ಯಾರ್ಥಿಯ ಮಾತನ್ನು ಯಾರು, ಹೇಗೆ, ಎಷ್ಟು ದಿನದೊಳಗೆ ಕೇಳಬೇಕು ಎಂಬ ಭಾಗ ಮಾತ್ರ ಇದ್ದ ಹಾಗೆಯೇ ಇರುತ್ತದೆ. ನಿಜವಾಗಿ ತಿದ್ದಬೇಕಾದದ್ದು ಆ ಭಾಗವನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 2023ರಲ್ಲಿ ನಡೆದದ್ದನ್ನೇ ನೋಡಿ. ಧರಣಿ ಕೂತರೆ 20,000 ರೂಪಾಯಿ, ಬೇರೆ ಕೆಲವು ತಪ್ಪುಗಳಿಗೆ 50,000 ರೂಪಾಯಿವರೆಗೆ ದಂಡ ವಿಧಿಸುವ ನಿಯಮಾವಳಿ ಫೆಬ್ರುವರಿ 3ರಿಂದ ಜಾರಿಯಾಗಿದೆ ಎಂಬ ಸುದ್ದಿ ಮಾರ್ಚ್ ಆರಂಭದಲ್ಲಿ ಹೊರಬಿತ್ತು. ವರ್ಷದ ಬೋಧನಾ ಶುಲ್ಕವೇ ಕೆಲವು ನೂರು ರೂಪಾಯಿ ಇರುವ, ಬಡವರ ಮನೆಯ ಮಕ್ಕಳು ಅದನ್ನೇ ನಂಬಿಕೊಂಡು ಬರುವ ಸಂಸ್ಥೆಯಲ್ಲಿ ಇಂಥ ದಂಡವೆಂದರೆ ಓದು ಬಿಟ್ಟು ಹೋಗು ಎಂದಂತೆಯೇ. ವಿರೋಧ ಜೋರಾದಾಗ ಕುಲಪತಿ ಶಾಂತಿಶ್ರೀ ಧುಲಿಪುಡಿ ಪಂಡಿತ್ ಅವರು, ತಾವು ಸಮ್ಮೇಳನವೊಂದಕ್ಕಾಗಿ ನಮ್ಮ ಹುಬ್ಬಳ್ಳಿಯಲ್ಲಿ ಇರುವುದಾಗಿಯೂ ಈ ವಿಷಯ ತಮಗೆ ಪತ್ರಿಕೆಗಳಿಂದಲೇ ತಿಳಿಯಿತೆಂದೂ ಹೇಳಿ ನಿಯಮಾವಳಿಯನ್ನು ಹಿಂತೆಗೆದುಕೊಂಡರು. ಸಾವಿರಾರು ವಿದ್ಯಾರ್ಥಿಗಳ ಭವಿಷ್ಯಕ್ಕೆ ಸಂಬಂಧಿಸಿದ ದಾಖಲೆ ಕುಲಪತಿಗೂ ತಿಳಿಯದಂತೆ ಹೊರಬರಬಹುದಾದರೆ ಅದನ್ನು ಬರೆದವರು ಯಾರನ್ನು ಕೇಳಿ ಬರೆದರು? ಅದೇ ವರ್ಷದ ಕೊನೆಯಲ್ಲಿ ಬೇರೊಂದು ಕೈಪಿಡಿ ಬಂತು. ಬೋಧನಾ ಕಟ್ಟಡಗಳ 100 ಮೀಟರ್ ಒಳಗೆ ಪ್ರತಿಭಟಿಸುವವರಿಗೆ 20,000 ರೂಪಾಯಿ ದಂಡ ಅದರಲ್ಲಿಯೂ ಉಳಿದುಕೊಂಡಿತ್ತು.

ದೆಹಲಿಯ ಮಾತು ಹಾಗಿರಲಿ. ನಮ್ಮ ಕಾಲೇಜುಗಳ ಶಿಸ್ತು ಸಮಿತಿಗಳು ಕೆಲಸ ಮಾಡುವ ಬಗೆಯನ್ನು ಒಳಗಿನಿಂದ ಕಂಡವರಿಗೆ ಈ ದೃಶ್ಯ ಹೊಸದಲ್ಲ. ಪ್ರಾಂಶುಪಾಲರ ಕೊಠಡಿಯಲ್ಲಿ ನಾಲ್ವರು ಅಧ್ಯಾಪಕರು ಕೂತಿರುತ್ತಾರೆ, ಹುಡುಗ ನಿಂತಿರುತ್ತಾನೆ. ದೂರಿನ ಪ್ರತಿ ಅವನ ಕೈಗೆ ಬಂದಿರುವುದಿಲ್ಲ. ಹತ್ತು ನಿಮಿಷದಲ್ಲಿ ಮಾತು ಮುಗಿದು, ಹೊರಗೆ ಗುಮಾಸ್ತರ ಮೇಜಿನ ಬಳಿ ಬಿಳಿ ಹಾಳೆಯೊಂದರ ಮೇಲೆ ಅವರು ಹೇಳಿದಂತೆ ಅವನು ಬರೆಯುತ್ತಾನೆ: “ನಾನು ಮಾಡಿದ್ದು ತಪ್ಪಾಗಿರುತ್ತದೆ, ಇನ್ನು ಮುಂದೆ ಈ ರೀತಿ ನಡೆದುಕೊಂಡಲ್ಲಿ ಕಾಲೇಜಿನವರು ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧನಾಗಿರುತ್ತೇನೆ.” ಈ ಮುಚ್ಚಳಿಕೆಯೇ ಮುಂದೆ ಅವನ ವಿರುದ್ಧದ ಸಾಕ್ಷ್ಯವೂ ಆಗುತ್ತದೆ. ಹಾಲ್ ಟಿಕೆಟ್ ತಡೆಹಿಡಿಯುತ್ತಾರೆಂಬ ಭಯದಲ್ಲಿರುವವನು ಏನನ್ನು ಬರೆದುಕೊಡಲು ತಾನೆ ನಿರಾಕರಿಸಿಯಾನು?

ಇದಕ್ಕೆ ಕಾನೂನಿನ ಬೆಂಬಲವಿಲ್ಲ. ಉತ್ತರ ಪ್ರದೇಶದ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಅಕ್ರಮ ಎಸಗಿದರೆಂದು ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು ಅವರ ಮಾತನ್ನು ಕೇಳದೆಯೇ ರದ್ದುಪಡಿಸಿದಾಗ, ಅದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1962ರಲ್ಲಿಯೇ ಹೇಳಿದೆ. ಹಾಗೆಂದು ಪ್ರತಿ ವಿಚಾರಣೆಯೂ ನ್ಯಾಯಾಲಯದಂತೆ ನಡೆಯಬೇಕೆಂದೇನೂ ಇಲ್ಲ. ರಾಂಚಿಯ ವೈದ್ಯಕೀಯ ಕಾಲೇಜೊಂದರಲ್ಲಿ ಹುಡುಗಿಯರ ಹಾಸ್ಟೆಲ್ ಆವರಣಕ್ಕೆ ರಾತ್ರಿ ನುಗ್ಗಿದ ಆರೋಪ ಬಂದಾಗ, ದೂರುದಾರರ ಹೇಳಿಕೆಗಳನ್ನು ಆರೋಪಿಗಳ ಎದುರು ಪಡೆಯದೆ, ಬೇರೆ ಭಾವಚಿತ್ರಗಳ ಜೊತೆ ಆರೋಪಿಗಳದ್ದನ್ನೂ ಬೆರೆಸಿ ತೋರಿಸಿ ಗುರುತಿಸಲು ಹೇಳಲಾಗಿತ್ತು. 1973ರಲ್ಲಿ ನ್ಯಾಯಾಲಯ ಆ ಕ್ರಮವನ್ನು ಒಪ್ಪಿತು. ದೂರು ಕೊಟ್ಟವರ ರಕ್ಷಣೆಗಾಗಿ ವಿಧಾನವನ್ನು ಬದಲಿಸಬಹುದು, ಆದರೆ ಆರೋಪ ಏನೆಂದು ತಿಳಿಸಿ ಉತ್ತರಕ್ಕೆ ಅವಕಾಶ ಕೊಡುವುದನ್ನು ಬಿಡುವಂತಿಲ್ಲ. ಕರಡು ಬರೆಯುವವರು ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್ನು, ಸಮಿತಿಯಲ್ಲಿ ವಿದ್ಯಾರ್ಥಿಗಳು ಕೂರುವುದೆಂದರೆ ಹುಬ್ಬೇರಿಸುವ ಹಿರಿಯ ಸಹೋದ್ಯೋಗಿಗಳಿದ್ದಾರೆ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ಲೈಂಗಿಕ ಕಿರುಕುಳ ತಡೆ ನಿಯಮಗಳ ಪ್ರಕಾರ, ಪ್ರಕರಣ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಆಂತರಿಕ ದೂರು ಸಮಿತಿಯಲ್ಲಿ ಚುನಾಯಿತರಾದ ಮೂವರು ವಿದ್ಯಾರ್ಥಿಗಳಿರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ಮೇಲ್ಮನವಿಗೂ ದಾರಿ ಇರಬೇಕು. ಅತ್ಯಂತ ಸೂಕ್ಷ್ಮವಾದ ಪ್ರಕರಣಗಳಿಗೇ ಸಲ್ಲುವ ಏರ್ಪಾಡು ಹಾಜರಾತಿ, ಜಗಳ, ಪ್ರತಿಭಟನೆಯಂತಹ ಸಂಗತಿಗಳಿಗೆ ಏಕೆ ಸಲ್ಲಬಾರದು ಎಂಬುದಕ್ಕೆ ನನಗೆ ಈವರೆಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಆದ್ದರಿಂದ ನಮ್ಮ ರಾಜ್ಯದ ಯಾವುದೇ ವಿಶ್ವವಿದ್ಯಾಲಯ ನೀತಿಸಂಹಿತೆಯನ್ನು ತಿದ್ದುವುದಾದರೆ, ಕರಡು ಅದರ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದೆ ಹೋಗುವ ಮೊದಲೇ ಕನ್ನಡದಲ್ಲಿಯೂ ಪ್ರಕಟವಾಗಿ, ವಿದ್ಯಾರ್ಥಿಗಳ ಆಕ್ಷೇಪಣೆಗೆ ಕನಿಷ್ಠ ಒಂದು ತಿಂಗಳ ಅವಕಾಶವಿರಲಿ; ಅದೂ ಪರೀಕ್ಷೆಯ ತಿಂಗಳಾಗಿರದಿರಲಿ. “ಅನುಚಿತ ವರ್ತನೆ”, “ಸಂಸ್ಥೆಯ ಘನತೆಗೆ ಧಕ್ಕೆ” ಎಂಬಂತಹ, ಯಾರ ಮೇಲೆ ಬೇಕಾದರೂ ಹೊರಿಸಬಹುದಾದ ಪದಗಳನ್ನು ಕೈಬಿಡಲಿ. ಅಮಾನತು ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಯ ಬಳಿಗೇ ಮೇಲ್ಮನವಿ ಮರಳಿ ಬರುವ ಪದ್ಧತಿ ನಿಲ್ಲಲಿ, ಮೇಲ್ಮನವಿ ಇತ್ಯರ್ಥವಾಗುವವರೆಗೆ ವಿದ್ಯಾರ್ಥಿಗೆ ಪರೀಕ್ಷೆ ಬರೆಯಲು ಅವಕಾಶವಿರಲಿ. ಮುಚ್ಚಳಿಕೆ ಬರೆಸಿಕೊಳ್ಳಲೇಬೇಕೆಂದಿದ್ದರೆ ವಿಚಾರಣೆ ಮುಗಿದ ಮೇಲೆ ಬರೆಸಿಕೊಳ್ಳಲಿ.