ಮೆರಿನೊ ಮರಿಗಳ ಮ್ಯೂಲ್ಸಿಂಗ್ ನಿಷೇಧಿಸಬೇಕೇ?

ಪರ: ತಳಿ ತಿದ್ದಬೇಕು, ಮರಿಯನ್ನಲ್ಲ

ಮೆತ್ತನೆಯ ಸ್ವೆಟರು, ಸೂಟುಗಳಿಗೆ ಬಳಸುವ ಮೆರಿನೊ ತಳಿಯ ಕುರಿಯ ಉಣ್ಣೆ ಹೆಚ್ಚಾಗಿ ಬರುವುದು ಆಸ್ಟ್ರೇಲಿಯಾದಿಂದ. ಅಲ್ಲಿ ಕೆಲವೇ ವಾರಗಳ ಮರಿಯನ್ನು ಕಬ್ಬಿಣದ ಚೌಕಟ್ಟಿನಲ್ಲಿ ಅಂಗಾತ ಮಲಗಿಸಿ, ಕಾಲು ಬಿಗಿದು, ಬಾಲದ ಇಕ್ಕೆಲದ ಚರ್ಮವನ್ನು ಕತ್ತರಿಯಿಂದ ಪಟ್ಟಿಯಾಗಿ ಕೊಯ್ದು ತೆಗೆಯುತ್ತಾರೆ. ಇದೇ ಮ್ಯೂಲ್ಸಿಂಗ್; ಬಾಲದ ಸುತ್ತಲ ಸುಕ್ಕಿನಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬೀಳದಿರಲೆಂದು ಮಾಡುವುದು. ಅದೇ ಹೊತ್ತಿಗೆ ಬಾಲ ಮೊಟಕಾಗುತ್ತದೆ; ಗಂಡಾದರೆ ಬೀಜವನ್ನೂ ಕೊಯ್ದು ತೆಗೆಯುತ್ತಾರೆ ಇಲ್ಲವೇ ಅದಕ್ಕೆ ರಬ್ಬರ್ ಉಂಗುರ ಹಾಕುತ್ತಾರೆ. ಗಾಯ ಮಾಯಲು ವಾರಗಳೇ ಬೇಕು. ಟ್ರೈ-ಸೊಲ್ಫೆನ್ ಎಂಬ ಮರಗಟ್ಟಿಸುವ ದ್ರವವಿದೆ ನಿಜ. ಆದರೆ ಅದನ್ನು ಸಿಂಪಡಿಸುವುದು ಹಸಿಗಾಯದ ಮೇಲೆ, ಕೊಯ್ದಾದ ನಂತರ. ಕೊಯ್ಯುವಾಗಿನ ನೋವನ್ನು ಮರಿ ಪೂರ್ತಿ ಉಣ್ಣುತ್ತದೆ.

ಇಷ್ಟಕ್ಕೂ ಹುಳ ಬೀಳುವುದರ ಮೂಲ ಚರ್ಮದ ಸುಕ್ಕು. ಚರ್ಮ ಹೆಚ್ಚಿದರೆ ಉಣ್ಣೆಯೂ ಹೆಚ್ಚೀತೆಂದು 1880ರ ದಶಕದಲ್ಲಿ ಅಮೆರಿಕದಿಂದ ಸುಕ್ಕುಸುಕ್ಕಾದ ವರ್ಮಾಂಟ್ ಮೆರಿನೊ ಟಗರುಗಳನ್ನು ತರಿಸಿ ಹಿಂಡಿಗೆ ಬಿಟ್ಟವರು ಮನುಷ್ಯರೇ. ಸುಕ್ಕು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಗುಣ. ಹಾಗಾಗಿ ನುಣುಪು ಮೈಯ ಟಗರನ್ನು ಆರಿಸಿದರೆ ಅದೇ ದಾರಿಯಲ್ಲಿ ಕಳೆಯಲೂಬಹುದು. ಹಿಂಭಾಗದ ಸುಕ್ಕಿಗೆ 1ರಿಂದ (ನುಣುಪು) 5ರವರೆಗೆ (ತೀರ ಸುಕ್ಕು) ಅಂಕ ಕೊಡುವ ಪದ್ಧತಿ ಬಳಕೆಯಲ್ಲಿದೆ. ಟಗರು ಕೊಳ್ಳುವಾಗ ಅದನ್ನು ನೋಡಿದರಾಯಿತು. ಜೊತೆಗೆ ನೊಣದ ಕಾಲಕ್ಕೆ ಮುಂಚೆ ಬಾಲದ ಸುತ್ತಲ ಉಣ್ಣೆ ಕತ್ತರಿಸಬೇಕು. ಜಂತುಹುಳಕ್ಕೆ ಔಷಧ ಕುಡಿಸಿ ಭೇದಿ ತಡೆಯಬೇಕು. ಬಾಲವನ್ನು ಮೂರನೆಯ ಗಂಟಿನ ಬಳಿ ಮಾತ್ರ ಕತ್ತರಿಸಬೇಕು. ತೀರ ಗಿಡ್ಡವಾದರೆ ಹಿಕ್ಕೆ ಅಲ್ಲೇ ಮೆತ್ತಿಕೊಳ್ಳುತ್ತದೆ.

2010ರೊಳಗೆ ಮ್ಯೂಲ್ಸಿಂಗ್ ಬಿಡುವುದಾಗಿ ಆಸ್ಟ್ರೇಲಿಯಾದ ಉಣ್ಣೆ ಉದ್ಯಮ 2004ರಲ್ಲಿ ಮಾತು ಕೊಟ್ಟಿತ್ತು. 2009ರಲ್ಲಿ ಮಾತು ಮುರಿಯಿತು. ನ್ಯೂಜಿಲೆಂಡ್ 2018ರಲ್ಲಿ ಕಾಯ್ದೆಯಿಂದಲೇ ನಿಲ್ಲಿಸಿತು. ಸ್ವಯಂಪ್ರೇರಣೆಯನ್ನು ನಂಬಿ ಕಾದದ್ದು ಸಾಕು.

ವಿರೋಧ: ನೊಣ ಕಾಯುವುದಿಲ್ಲ

ಲೂಸಿಲಿಯಾ ಕ್ಯುಪ್ರಿನಾ ಎಂಬ ನೊಣ ಮೂತ್ರ, ಹಿಕ್ಕೆಯಿಂದ ಒದ್ದೆಯಾದ ಸುಕ್ಕಿನಲ್ಲಿ ಮೊಟ್ಟೆಯಿಡುತ್ತದೆ. ಬೆಚ್ಚಗಿನ ತೇವದಲ್ಲಿ ಒಂದು ದಿನದೊಳಗೆ ಹುಳ ಹೊರಬಂದು ಚರ್ಮ ತಿನ್ನತೊಡಗುತ್ತದೆ. ಆ ವಾಸನೆಗೆ ಇನ್ನಷ್ಟು ನೊಣ. ಕುರಿ ಕಾಲು ಬಡಿಯುತ್ತದೆ, ತಿರುಗಿ ಬಾಲ ಕಚ್ಚಿಕೊಳ್ಳುತ್ತದೆ, ಮೇವು ಬಿಡುತ್ತದೆ. ಮೈಗೆ ನಂಜೇರಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹುಳ ಬಿದ್ದ ಕುರಿಯನ್ನು ಕಂಡ ನಮ್ಮ ಕುರಿಗಾಹಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಅವರು ಹಿಂಡಿನ ಜೊತೆಗೇ ನಡೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಸಾವಿರಾರು ಕುರಿ ವಿಶಾಲ ಬಯಲಿನಲ್ಲಿ ಚದುರಿ ಮೇಯುತ್ತವೆ. ದಿನವೂ ಒಂದೊಂದನ್ನೂ ನೋಡುವವರಿಲ್ಲ.

ಕೊಯ್ದ ಜಾಗದಲ್ಲಿ ಉಣ್ಣೆಯಿಲ್ಲದ, ಬಿಗಿಯಾದ ಚರ್ಮ ಬರುತ್ತದೆ. ಬಾಲದ ಸುತ್ತ ಹುಳ ಬೀಳುವುದರಿಂದ ಕುರಿಗೆ ಬದುಕಿಡೀ ರಕ್ಷಣೆ. ಮಳೆಗಾಲದಲ್ಲಿ ಬೆನ್ನಿಗೆ, ಹೆಗಲಿಗೆ ಬೀಳುವ ಹುಳವನ್ನು ಇದು ತಡೆಯದು, ಒಪ್ಪುತ್ತೇನೆ. ಔಷಧವೊಂದನ್ನೇ ನೆಚ್ಚೋಣವೆಂದರೆ, ಹುಳ ಬೀಳದಂತೆ ಹಾಕುವ ಡೈಸೈಕ್ಲಾನಿಲ್ ಕುರಿಯನ್ನು 18ರಿಂದ 24 ವಾರ ಕಾಪಾಡಬೇಕಾದದ್ದು. ಅದಕ್ಕೆ ಬಗ್ಗದ ನೊಣಗಳು ಈಗಾಗಲೇ ಹುಟ್ಟಿವೆ, ಅವು ಇರುವಲ್ಲಿ ರಕ್ಷಣೆಯ ಅವಧಿ ಬಹಳ ಕುಗ್ಗಿದೆ. ಕತ್ತರಿ ಕಿತ್ತುಕೊಂಡರೆ ಔಷಧದ ಬಳಕೆ ಏರುತ್ತದೆ, ಬಗ್ಗದ ನೊಣವೇ ಉಳಿಯುತ್ತದೆ.

ನುಣುಪು ತಳಿಯೇ ಕೊನೆಯ ದಾರಿ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಇಂದು ಬಿಟ್ಟ ಟಗರಿನ ಗುಣ ಇಡೀ ಹಿಂಡಿಗೆ ಹರಡಲು ವರ್ಷಗಳು ಹಿಡಿಯುತ್ತವೆ. ನ್ಯೂಜಿಲೆಂಡಿನಲ್ಲೂ ಕಾಯ್ದೆ ಬರುವ ಮೊದಲೇ ಬಹುತೇಕರು ಬಿಟ್ಟಿದ್ದರು. ಈ ನಡುವೆ ಹುಟ್ಟುವ ಸುಕ್ಕುಮೈ ಮರಿಗಳನ್ನು ಹುಳಕ್ಕೆ ಒಪ್ಪಿಸುವುದು ದಯೆಯಲ್ಲ. ವಿಕ್ಟೋರಿಯಾ ರಾಜ್ಯ 2020ರಲ್ಲಿ ನೋವುನಿವಾರಕವನ್ನು ಕಡ್ಡಾಯ ಮಾಡಿತು. ಅದು ಎಲ್ಲ ರಾಜ್ಯಗಳಿಗೂ ಬರಲಿ. ಸಿಂಪಡಣೆಯೊಂದೇ ಸಾಲದು, ಕತ್ತರಿ ತಾಗುವ ಮೊದಲೇ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧ ಕೊಡಬೇಕು. ಹಿಂಭಾಗ ನುಣುಪಾಗಿರುವ ಮರಿಗೆ ಕತ್ತರಿ ಮುಟ್ಟಿಸಲೇಕೂಡದು.