ಅದು ಬರೀ ಮಿಲಿಟರಿಯವರ ವಿಷಯವಲ್ಲ

ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ನಮ್ಮ ಕಡೆಯ ಒಂದು ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಘಟ್ಟದ ತಿರುವಿಗೆ ಎಚ್ಚರಿಕೆ ದೀಪ ಮಾಡಿದ್ದಳು. ಮೊಬೈಲಿನ ಕಂಪಾಸ್‌ನಲ್ಲಿರುವಂಥ, ಕಾಂತಕ್ಷೇತ್ರ ಅಳೆಯುವ ಪುಟ್ಟ ಸೆನ್ಸರನ್ನು ರಸ್ತೆಯಲ್ಲಿ ಹೂತಿಡುವುದು. ಆಚೆಯಿಂದ ಬಸ್ಸು ಬಂದರೆ ಈಚೆ ಕೆಂಪು ದೀಪ ಹತ್ತುತ್ತದೆ. ತೀರ್ಪುಗಾರರು ಅರ್ಧ ಕೇಳಿ, "ಇದೆಲ್ಲ ಮಿಲಿಟರಿಯವರ ವಿಷಯ ಅಲ್ವಾ ಮಗು, ನಿನಗ್ಯಾಕೆ?" ಎಂದು ಮುಂದಿನ ಟೇಬಲ್ಲಿಗೆ ಹೋದರು.

ನಿನಗ್ಯಾಕೆ ಅಂತೆ!

ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿದವರಿಗೆ ಗೊತ್ತು, ಮಂಜು ಇಳಿದರೆ ಎದುರಿನ ಲಾರಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಕ್ಯಾಮೆರಾಕ್ಕೂ ಅದೇ ಗತಿ. ಮಂಜಿನ ಹನಿಗಳು ಬೆಳಕನ್ನು ಚೆದುರಿಸಿಬಿಡುತ್ತವೆ. ಕಾಂತಕ್ಷೇತ್ರಕ್ಕೆ ಆ ತೊಂದರೆ ಇಲ್ಲ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಬಸ್ಸಿನ ಕಬ್ಬಿಣ ಅದನ್ನು ಒಂಚೂರು ಕದಲಿಸುತ್ತದೆ. ಮಂಜಿದ್ದರೂ ಮಣ್ಣಿದ್ದರೂ ಸೆನ್ಸರಿಗೆ ಗೊತ್ತಾಗುತ್ತದೆ. ಕಷ್ಟ ಇರುವುದು ದೂರದ್ದು. ದೂರ ಎರಡು ಪಟ್ಟಾದರೆ ಆ ಬದಲಾವಣೆ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೂ ಸೂಕ್ಷ್ಮ ಸೆನ್ಸರ್ ಬೇಕೆಂದು ಸೇನೆಗಳು ಹಣ ಸುರಿಯುವುದು ಇದಕ್ಕೇ.

ಕಾರವಾರದವರಿಗೆ ಇದು ದೂರದ ಮಾತೂ ಅಲ್ಲ. ಟಾಗೋರ್ ಕಡಲತೀರದಲ್ಲಿ ನಿಂತಿರುವ ಟುಪೊಲೆವ್ 142 ವಿಮಾನದ ಮುಂದೆ ಎಲ್ಲರೂ ಸೆಲ್ಫಿ ತೆಗೆದವರೇ. ಆ ಜಾತಿಯ ವಿಮಾನಗಳು 1988ರಿಂದ 2017ರವರೆಗೆ ನಮ್ಮ ನೌಕಾಪಡೆಯಲ್ಲಿದ್ದವು. ಜಲಾಂತರ್ಗಾಮಿ ಹುಡುಕುವುದೇ ಅವುಗಳ ಕೆಲಸ. ಬಾಲದ ಮೇಲ್ತುದಿಯಲ್ಲಿ ಹಿಂದಕ್ಕೆ ಚಾಚಿದ ಭಾಗ ಇದೆಯಲ್ಲ, ಕಾಂತಕ್ಷೇತ್ರದ ಏರುಪೇರು ಹಿಡಿಯುವ ಸೆನ್ಸರಿನ ಜಾಗ ಅದು. ವಿಮಾನದ ಸ್ವಂತ ಕಬ್ಬಿಣ, ಕರೆಂಟು ಅಡ್ಡಿ ಮಾಡಬಾರದೆಂದು ಅಷ್ಟು ದೂರ ಇಟ್ಟಿದ್ದಾರೆ. ನೀರಿನಡಿಯ ಉಕ್ಕನ್ನು ಅದು ಕಂಡುಹಿಡಿದ ರೀತಿಯಲ್ಲೇ ಈ ಹುಡುಗಿಯ ಸೆನ್ಸರ್ ಬಸ್ಸನ್ನು ಕಂಡುಹಿಡಿಯುತ್ತದೆ.

ಯುದ್ಧಕ್ಕೆ ಮಾಡಿದ್ದನ್ನು ಮಕ್ಕಳಿಗೆ ಯಾಕೆ ಕಲಿಸಬೇಕು ಎಂದು ಕೆಲವು ಗೆಳೆಯರು ಕೇಳುತ್ತಾರೆ. ಅವರ ಕಳಕಳಿ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಕೆಲವೇ ನ್ಯಾನೊಮೀಟರ್ ದಪ್ಪದ ಕಬ್ಬಿಣ, ಕ್ರೋಮಿಯಂ ಪದರಗಳನ್ನು ಜೋಡಿಸಿ ಕಾಂತಕ್ಷೇತ್ರಕ್ಕೆ ಹಿಡಿದರೆ ಅವುಗಳ ವಿದ್ಯುತ್ ರೋಧ ಜೋರಾಗಿ ಬದಲಾಗುತ್ತದೆ, ಹಾಗಾಗಿ ಅವನ್ನೇ ಸೂಕ್ಷ್ಮ ಸೆನ್ಸರ್ ಮಾಡಬಹುದು. 1988ರಲ್ಲಿ ಇದನ್ನು ಕಂಡುಕೊಂಡವರು ಫ್ರಾನ್ಸಿನ ಆಲ್ಬರ್ಟ್ ಫರ್ಟ್, ಜರ್ಮನಿಯ ಪೀಟರ್ ಗ್ರುನ್‌ಬರ್ಗ್. 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಡುವೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಇದೇ ದಾರಿಯ ಕೆಲಸಕ್ಕೆ ದುಡ್ಡು ಹಾಕಿತು. ಅದೇ ತಂತ್ರ ಕಂಪ್ಯೂಟರ್ ಹಾರ್ಡ್‌ಡಿಸ್ಕಿನೊಳಗೂ ಬಂತು. ಯಾವುದು ಸೇನೆಯದು, ಯಾವುದು ನಮ್ಮದು ಎಂದು ಗೆರೆ ಎಳೆಯುವುದು ಎಲ್ಲಿ?

ನನಗೆ ಈ ವಿಷಯದಲ್ಲಿ ಯಾಕಿಷ್ಟು ಸಂಕಟ ಎಂದು ಹಳಬರಿಗೆ ಗೊತ್ತಿದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಬಂದವರು ನಾವು. ಅಜ್ಜಿ ಸಾಯುವ ತನಕ ಅರಗಾದ ಬಾವಿ ನೀರಿನ ಮಾತೇ ಆಡುತ್ತಿದ್ದಳು. ನೆಲ ಕೊಟ್ಟವರ ಮೊಮ್ಮಕ್ಕಳಿಗೆ ಬೇಲಿಯಾಚೆಯ ವಿಜ್ಞಾನವೂ ಬೇಡ ಅಂದರೆ ಹೇಗೆ ಸಹಿಸಲಿ?

ನೌಕಾನೆಲೆಯಲ್ಲಿ ಇದೆಲ್ಲ ಬಲ್ಲ ಎಂಜಿನಿಯರುಗಳಿದ್ದಾರೆ. ಗುಟ್ಟು ಯಾರಿಗೂ ಬೇಡ. ವರ್ಷಕ್ಕೊಮ್ಮೆ ಸುತ್ತಲಿನ ಶಾಲೆಗಳಿಗೆ ಬಂದು ಕಾಂತಕ್ಷೇತ್ರ ಅಳೆಯುವುದು ಹೇಗೆ ಅಂತ ಮಕ್ಕಳ ಕೈಯಲ್ಲೇ ಮಾಡಿಸಲಿ. ನಿಮಗೆ ಅಲ್ಲಿ ಯಾರಾದರೂ ಪರಿಚಯದವರಿದ್ದರೆ ದಯವಿಟ್ಟು ಅವರನ್ನು ಇಲ್ಲಿ ಟ್ಯಾಗ್ ಮಾಡಿ.