ಪರವಾನಗಿಗಿಂತ ಮೊದಲು ನಿರಾಕರಿಸುವ ಹಕ್ಕು

ವೇಶ್ಯಾವೃತ್ತಿಯನ್ನು ಕಾನೂನುಬದ್ಧಗೊಳಿಸಿ ಪ್ರತಿಯೊಬ್ಬರಿಗೂ ಪರವಾನಗಿ ಕಡ್ಡಾಯ ಮಾಡಿದರೆ ಶೋಷಣೆ ತಾನಾಗಿಯೇ ತಗ್ಗುತ್ತದೆ ಎಂದು ಲೇಖಕರೊಬ್ಬರು ವಾದಿಸಿದ್ದಾರೆ; ಅದರಲ್ಲಿ ಕಾನೂನುಬದ್ಧಗೊಳಿಸಬೇಕೆಂಬ ಮೊದಲರ್ಧವನ್ನು ಒಪ್ಪುತ್ತೇನೆ, ಪರವಾನಗಿಯ ಮಾತನ್ನಲ್ಲ. ಜರ್ಮನಿ 2002ರಲ್ಲಿ ಈ ವೃತ್ತಿಗೆ ಕಾನೂನಿನ ಮಾನ್ಯತೆ ಕೊಟ್ಟು, 2017ರಿಂದ ನೋಂದಣಿಯನ್ನು ಕಡ್ಡಾಯಗೊಳಿಸಿತು; ಆದರೆ ಗುರುತು ಬಯಲಾದೀತೆಂಬ ಅಂಜಿಕೆಯಿಂದ ಅನೇಕರು ದಾಖಲೆಯಿಂದ ದೂರವೇ ಉಳಿದರು. ಹಾಗೆ ಉಳಿದವರಿಗೆ ಪೊಲೀಸರ ಬಳಿ ದೂರು ಕೊಡುವ ಧೈರ್ಯ ಎಲ್ಲಿಂದ ಬರಬೇಕು?

1999ರಲ್ಲಿ ಸ್ವೀಡನ್ ಹಿಡಿದ ದಾರಿ ಬೇರೆ: ಲೈಂಗಿಕ ಸೇವೆ ಮಾರುವವರನ್ನು ಬಿಟ್ಟು ಕೊಳ್ಳುವವರನ್ನು ಶಿಕ್ಷಿಸುವುದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸಿಕ್ಕಿಬೀಳುವ ಭಯದಲ್ಲಿರುವ ಗಿರಾಕಿ ಹೆಸರು ಹೇಳಲು ಒಪ್ಪುವುದಿಲ್ಲ, ನಿರ್ಜನ ಜಾಗವನ್ನೇ ಹುಡುಕುತ್ತಾನೆ. ಅವನೊಡನೆ ಹೋಗಬೇಕೋ ಬೇಡವೋ ಎಂದು ಅಳೆದು ನೋಡುವಷ್ಟು ಸಮಯವೂ ಆಕೆಗೆ ಉಳಿಯುವುದಿಲ್ಲ.

ನನಗೆ ಹೆಚ್ಚು ವಿವೇಕದ್ದಾಗಿ ಕಾಣುವುದು ನ್ಯೂಜಿಲೆಂಡಿನ 2003ರ ಕಾಯಿದೆ. ಅಲ್ಲಿ ನಾಲ್ವರವರೆಗಿನ ಲೈಂಗಿಕ ಕಾರ್ಯಕರ್ತೆಯರು ಯಾರ ಯಜಮಾನಿಕೆಯೂ ಇಲ್ಲದೆ, ವೇಶ್ಯಾಗೃಹ ನಡೆಸುವವರು ಪಡೆಯಬೇಕಾದ ನಿರ್ವಾಹಕರ ಪ್ರಮಾಣಪತ್ರದ ಗೊಡವೆಯೂ ಇಲ್ಲದೆ ಒಂದೇ ಮನೆಯಲ್ಲಿ ಕೆಲಸ ಮಾಡಬಹುದು; ಮೊದಲು ಒಪ್ಪಿದ್ದರೂ ಆಮೇಲೆ ಬೇಡವೆನ್ನುವ ಹಕ್ಕನ್ನು ಕಾನೂನೇ ಸ್ಪಷ್ಟವಾಗಿ ಬರೆದುಕೊಟ್ಟಿದೆ; ಕಾಂಡೋಮ್ ಬಳಸುವ ಹೊಣೆ ಗಿರಾಕಿಯ ಮೇಲೂ ಇದೆ. (ನಿಯಂತ್ರಣದ ಬಗ್ಗೆ ಮಾತನಾಡುವವರು ಇದನ್ನು ಹೆಚ್ಚಾಗಿ ಮರೆಯುತ್ತಾರೆ, ಅವರು ಹೇಳುವ ಆರೋಗ್ಯ ತಪಾಸಣೆಯೆಲ್ಲ ಹೆಂಗಸಿಗೇ.) ಆದರೂ ತಾತ್ಕಾಲಿಕ ವೀಸಾದಲ್ಲಿ ಬಂದ ವಲಸಿಗರನ್ನು ಆ ಕಾಯಿದೆ ಹೊರಗಿಟ್ಟಿರುವುದು ದೊಡ್ಡ ಲೋಪ; ಗಡೀಪಾರಿನ ಬೆದರಿಕೆಯೊಡ್ಡಿ ಅವರನ್ನು ಹಿಡಿದಿಟ್ಟುಕೊಳ್ಳುವುದು ದಲ್ಲಾಳಿಗಳಿಗೆ ಸುಲಭ.

ಮಾನವ ಕಳ್ಳಸಾಗಣೆಗೆ, ಅಪ್ರಾಪ್ತರ ಬಳಕೆಗೆ ಕಠಿಣ ಶಿಕ್ಷೆ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಅಪರಾಧದ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಅದೇ ವೃತ್ತಿಯಲ್ಲಿರುವವರಿಗೆ; ಠಾಣೆಗೆ ಬಂದರೆ ತಾವೇ ಆರೋಪಿಗಳಾಗುವೆವೆಂಬ ಸ್ಥಿತಿಯಿರುವಲ್ಲಿ ಅವರು ಬಾಯಿ ಬಿಡಲಾರರು.